ದೇವರ ಗೂಡಿನ ಮಾತ್ರೆ

ಸುಗಟೂರಿನ ಮುನಿಕೃಷ್ಣನ ಮನೆಯಲ್ಲಿ ಯಾರಿಗೆ ಏನೇ ಕಾಯಿಲೆ ಬರಲಿ, ಅಂಗಡಿಯಿಂದ ತಂದ ಮಾತ್ರೆ ನೇರವಾಗಿ ಬಾಯಿಗೆ ಹೋಗುವ ಪದ್ಧತಿಯೇ ಇಲ್ಲ. ಅದು ಮೊದಲು ದೇವರ ಗೂಡಿಗೆ ಹೋಗಬೇಕು. ಆಮೇಲೆ ಮುನಿಕೃಷ್ಣನ ತಾಯಿ ದೊಡ್ಡಮುನಿಯಮ್ಮನ ಕೈಯಿಂದ ರೋಗಿಯ ಅಂಗೈಗೆ ಬೀಳಬೇಕು. ಜ್ವರದ ಮಾತ್ರೆಗೂ ಅದೇ ಕಾನೂನು, ಹಸುವಿನ ಹೊಟ್ಟೆಯುಬ್ಬರಕ್ಕೆ ತಂದ ಪುಡಿಗೂ ಅದೇ. ಮುದುಕಿಯ ಕೈಗುಣ ಅಂಥದ್ದು ಅಂತ ಊರೇ ಹೇಳುತ್ತಿತ್ತು. ರೇಷ್ಮೆ ಹುಳು ತಂದವರು ಮೊದಲ ಸೊಪ್ಪನ್ನು ಆಕೆಯ ಕೈಯಲ್ಲೇ ಹಾಕಿಸಬೇಕೆಂದು ಎಲೆ ಅಡಿಕೆ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಸೊಸೆ ಸುನಂದಳಿಗೆ ಇದರಲ್ಲೆಲ್ಲ ನಂಬಿಕೆ ಅಷ್ಟಕ್ಕಷ್ಟೇ. ಆದರೂ ಇಪ್ಪತ್ನಾಲ್ಕು ವರ್ಷದಿಂದ ನಡೆದುಬಂದದ್ದನ್ನು ಮುರಿದು ಮನೆಯಲ್ಲಿ ರಾಮಾಯಣ ಯಾಕೆ ಅಂತ ಸುಮ್ಮನಿದ್ದಳು.

ಸುನಂದಳ ತಲೆ ತಿನ್ನುತ್ತಿದ್ದದ್ದು ಮಗಳ ಮುಖ. ರಂಜಿತ ಕೋಲಾರದಲ್ಲಿ ಬಿ.ಎಡ್ ಓದುತ್ತಿದ್ದಳು. ಮೊಡವೆ ಅಂದರೆ ಒಂದೋ ಎರಡೋ ಅಲ್ಲ, ಕೆನ್ನೆಯಿಂದ ದವಡೆಯವರೆಗೆ ಕೀವು ತುಂಬಿ, ಒಂದು ಒಣಗುವಷ್ಟರಲ್ಲಿ ಪಕ್ಕದಲ್ಲಿ ಇನ್ನೆರಡು ಏಳುತ್ತಿದ್ದವು. ಬೇವು ಅರೆದು ಹಚ್ಚಿದ್ದಾಯಿತು, ಟೂತ್‌ಪೇಸ್ಟ್ ಬಳಿದಿದ್ದಾಯಿತು, ಫೋನಿನಲ್ಲಿ ಯಾರೋ ತೋರಿಸಿದ ಕ್ರೀಮು ಹಚ್ಚಿ ಚರ್ಮ ಸುಲಿದದ್ದೂ ಆಯಿತು. ಕರೋನ ಹೋಗಿ ಇಷ್ಟು ಕಾಲವಾದರೂ ಆ ಹುಡುಗಿಯ ಮಾಸ್ಕು ಮಾತ್ರ ಮುಖ ಬಿಟ್ಟು ಇಳಿದಿರಲಿಲ್ಲ. ಮುಳಬಾಗಿಲಿನ ಹೈಸ್ಕೂಲೊಂದರಲ್ಲಿ ಒಂದು ತಿಂಗಳು ಪಾಠ ಮಾಡಬೇಕು, ಅಲ್ಲಿ ಮಾಸ್ಕು ಹಾಕಿಕೊಂಡು ನಿಲ್ಲುವಂತಿಲ್ಲ ಅಂತ ಕಾಲೇಜಿನಲ್ಲಿ ಹೇಳಿದ ದಿನ, ಈ ಮುಖ ಇಟ್ಟುಕೊಂಡು ಮಕ್ಕಳ ಮುಂದೆ ನಿಲ್ಲುವುದಕ್ಕಿಂತ ಓದು ಬಿಟ್ಟುಬಿಡುತ್ತೇನೆ ಅಂದಳು. ಸುಮ್ಮಸುಮ್ಮನೆ ಮಾತಾಡುವ ಹುಡುಗಿಯಲ್ಲ ಅದು.

ಮಾರನೇ ದಿನವೇ ಸುನಂದ ಅವಳನ್ನು ಕೋಲಾರದ ಚರ್ಮದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಆಕೆ ಹಚ್ಚುವುದಕ್ಕೆ ಒಂದು ಕ್ರೀಮು, ನುಂಗುವುದಕ್ಕೆ ದಿನಕ್ಕೊಂದು ಕ್ಯಾಪ್ಸುಲು ಬರೆದರು. ಇದು ಆಂಟಿಬಯೋಟಿಕ್ಕು, ಮೊಡವೆಯೊಳಗಿನ ಕ್ರಿಮಿಗೆ, ಊತಕ್ಕೆ. ಹಾಲಿನ ಜೊತೆ ಬೇಡ, ದೊಡ್ಡ ಲೋಟದ ತುಂಬ ನೀರು ಕುಡಿಯಬೇಕು, ನುಂಗಿದ ಕೂಡಲೇ ಮಲಗಬಾರದು, ಬಿಸಿಲಲ್ಲಿ ಸುತ್ತಬಾರದು, ಮೂರು ತಿಂಗಳಾದ ಮೇಲೆ ನಿಲ್ಲಿಸುತ್ತೇನೆ, ಒಂದು ದಿನವೂ ತಪ್ಪಿಸುವಂತಿಲ್ಲ ಅಂತ ಬಿಡಿಸಿ ಹೇಳಿದರು. ಕ್ಯಾಪ್ಸುಲುಗಳು ದೇವರ ಗೂಡಿಗೆ ಬಂದವು. ಬೆಳ್ಳಿ ಹಾಳೆ ಒತ್ತಿ ಮಾತ್ರೆ ಹೊರಗೆ ತೆಗೆಯುವ ಶಕ್ತಿ ಮುದುಕಿಯ ಬೆರಳಿಗಿಲ್ಲ. ಅದಕ್ಕೆ ಸುನಂದಳೇ ಕೂತು ಒಂದೊಂದಾಗಿ ಬಿಡಿಸಿ, ಅರಿಶಿನ ಕುಂಕುಮದ ಭರಣಿಯ ಪಕ್ಕದ ಸ್ಟೀಲ್ ಡಬ್ಬಿಗೆ ತುಂಬಿದಳು. ಈ ಸಂಗತಿ ನೆನಪಿರಲಿ. ಮುಂದೆ ಸುನಂದ ಎಲ್ಲರ ಮೇಲೂ ಹರಿಹಾಯುತ್ತಾಳೆ, ತಾನೇ ಮಾಡಿದ ಇದೊಂದನ್ನು ಮಾತ್ರ ನೆನೆಯುವುದಿಲ್ಲ.

ಮೊದಲ ತಿಂಗಳು ಹೊಟ್ಟೆ ತೊಳೆಸುತ್ತದೆ ಅಂತ ರಂಜಿತ ಗೊಣಗಿದಳು. ಒಂದು ಮಧ್ಯಾಹ್ನ ಟೊಮೇಟೊ ತೋಟದಲ್ಲಿ ಅರ್ಧ ಗಂಟೆ ನಿಂತದ್ದಕ್ಕೆ ಮೂಗು ಸುಟ್ಟು ಕೆಂಪಗಾಯಿತು. ಆದರೆ ಮೊಡವೆ ಇಳಿಯಿತು, ನಿಜವಾಗಿಯೂ ಇಳಿಯಿತು. ಒಂದು ದಿನ ಮಗಳು ಮಾಸ್ಕಿಲ್ಲದೆ ಬಸ್ಸು ಹತ್ತಿದ್ದನ್ನು ಕಂಡು ಸುನಂದ ಹಿತ್ತಲಿಗೆ ಹೋಗಿ ಅತ್ತಳು.

ಅದೇ ತಿಂಗಳು ಹುಳುಮನೆಗೆ ಸಪ್ಪೆರೋಗ ಬಿತ್ತು. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಹುಳುಗಳು ಸೊಪ್ಪು ಮುಟ್ಟದೆ ಮೆತ್ತಗಾಗಿ, ನಾತ ಹೊಡೆದು, ತಟ್ಟೆಗಟ್ಟಲೆ ಗುಂಡಿಗೆ ಹೋದವು. ರಟ್ಟೆ ಬೀಳುವ ಹಾಗೆ ಸೊಪ್ಪು ಕೊಯ್ದಿದ್ದ ಸುನಂದಳಿಗೆ ಸಿಟ್ಟು ಯಾರ ಮೇಲೆ ತೀರಿಸಬೇಕೋ ತಿಳಿಯಲಿಲ್ಲ. ಗುಂಡಿಯ ಹತ್ತಿರ ಎದುರಿಗೆ ಅತ್ತೆ ಸಿಕ್ಕಳು. ನಿಮ್ಮ ಕೈಗುಣ ಮುಗೀತು ಬಿಡಿ ಅತ್ತೆ, ಮುಂದಿನ ಸಲ ಬೇರೆ ಯಾರ ಕೈಲಾದ್ರೂ ಸೊಪ್ಪು ಹಾಕಿಸೋಣ ಅಂದುಬಿಟ್ಟಳು. ಮುದುಕಿ ಅವತ್ತು ಉಣ್ಣಲಿಲ್ಲ. ಬಿಸಿಲಿಗೆ ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡು ಸುನಂದ ಮರೆತಳು.

ಎರಡನೇ ತಿಂಗಳಿಗೆ ಹೊಸ ಹುಳು ಬಂತು, ಡಾಕ್ಟರಮ್ಮನಿಗೆ ಮುಖ ತೋರಿಸಿ ತಂದ ಹೊಸ ಕ್ಯಾಪ್ಸುಲೂ ಡಬ್ಬಿಗೆ ಬಂತು. ಈ ಸಲ ಹುಳು ನೋಡಿದರೆ ದೃಷ್ಟಿ ತಾಗಬೇಕು, ಹಾಗೆ ಬೆಳೆದವು. ಮುದುಕಿ ಹುಳುಮನೆ ಬಿಟ್ಟು ಕದಲಲಿಲ್ಲ. ಬೆಳಗಿನ ಸೊಪ್ಪಿಗೆ ತಾನೇ ನೀರು ಚಿಮುಕಿಸುತ್ತೇನೆ, ಯಾರೂ ಮುಟ್ಟಬೇಡಿ ಅಂತ ಹಟ ಹಿಡಿದಳು. ರೇಷ್ಮೆಗೂಡು ಗಟ್ಟಿಯಾಗಿ ಬಂತು. ದೊಡ್ಡಮುನಿಯಮ್ಮನ ಕೈ ಅಂದರೆ ಕೈ ಅಂತ ಊರು ಮತ್ತೆ ಮಾತಾಡಿತು. ಸೊಪ್ಪು ಕೊಯ್ಯುವುದು, ಹಾಕುವುದು, ಕಸ ತೆಗೆಯುವುದರಲ್ಲಿ ಮುಳುಗಿದ್ದ ಸುನಂದ ಮಗಳ ಮುಖಕ್ಕೆ ಮಾಸ್ಕು ವಾಪಸ್ಸು ಬಂದದ್ದನ್ನು ಗಮನಿಸಲೇ ಇಲ್ಲ. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಕಳಿಸಿದ ಮೇಲಿನ ಭಾನುವಾರ, ತಲೆಗೆ ಎಣ್ಣೆ ಹಚ್ಚುವುದಕ್ಕೆ ಕೂರಿಸಿಕೊಂಡು ಮಾಸ್ಕು ಎಳೆದಳು. ಹೋದದ್ದೆಲ್ಲ ಬಂದಿತ್ತು, ಹಣೆಯವರೆಗೂ ಹತ್ತಿತ್ತು.

ಮಾತ್ರೆ ನುಂಗಿದೆಯಾ ಅಂದರೆ ದಿನಾ ನುಂಗಿದ್ದೀನಿ ಅನ್ನುತ್ತಾಳೆ. ನುಂಗಿದ್ದರೆ ಹೀಗಾಗುತ್ತಿತ್ತಾ? ಹೊಟ್ಟೆ ತೊಳೆಸುತ್ತದೆ ಅಂತ ಹಿತ್ತಲಿಗೆ ಎಸೆದಿದ್ದೀಯ, ಸುಳ್ಳು ಬೇರೆ ಹೇಳ್ತೀಯ ಅಂತ ಸುನಂದ ಎಣ್ಣೆಗೈಯಲ್ಲೇ ಕೆನ್ನೆಗೆ ಹೊಡೆದಳು, ಆ ಕೆನ್ನೆಗೇ. ಒಂದು ಮೊಡವೆ ಒಡೆದು ರಕ್ತ ಬಂತು. ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ತಿರುಗಿ, ನೋಡಿ, ನಿಮ್ಮ ಕೈಲಿ ಕೊಟ್ಟಿದ್ದನ್ನೂ ಎಸೀತಾಳೆ ಅಂದಳು. ರಂಜಿತ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಳು.

ಸೋಮವಾರ ಡಬ್ಬಿಯಲ್ಲಿ ಉಳಿದಿದ್ದ ನಾಲ್ಕು ಕ್ಯಾಪ್ಸುಲನ್ನು ಡಬ್ಬಿಯ ಸಮೇತ ಬ್ಯಾಗಿಗೆ ಹಾಕಿಕೊಂಡು ಸುನಂದ ಮಗಳನ್ನು ಕೋಲಾರಕ್ಕೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಹಳೇ ಚೀಟಿಯನ್ನೂ ಮುಖವನ್ನೂ ಎರಡೆರಡು ಸಲ ನೋಡಿದರು. ಚೆನ್ನಾಗಿ ಇಳಿದಿತ್ತಲ್ಲ, ಇಷ್ಟು ಬೇಗ ಯಾಕೆ ಕೆರಳಿತು ಅಂತ ಅವರಿಗೇ ಆಶ್ಚರ್ಯ. ಈ ಮಾತ್ರೆ ಹತ್ತದಿದ್ದರೆ ಇನ್ನೂ ಜೋರಾದ ಔಷಧಿ ಶುರುಮಾಡಬೇಕು, ಅದಕ್ಕೆ ರಕ್ತ ಪರೀಕ್ಷೆ ಅದೂ ಇದೂ ಇದೆ ಅಂದರು. ಸುನಂದ ಡಬ್ಬಿ ತೆಗೆದು ಟೇಬಲ್ ಮೇಲಿಟ್ಟಳು. ರಂಜಿತ ಅದನ್ನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು. ಸುನಂದ ಕೈ ಮೇಲೆ ಒಂದು ಕೊಟ್ಟಳು.

ಡಾಕ್ಟರಮ್ಮ ಒಂದು ಕ್ಯಾಪ್ಸುಲನ್ನು ಬೆಳಕಿಗೆ ಹಿಡಿದರು. ಎರಡು ಬೆರಳಿನಲ್ಲಿ ತಿರುಚಿ ಬಿಳಿ ಕಾಗದದ ಮೇಲೆ ಒಳಗಿನದನ್ನು ಸುರಿದರು. ಗಾಢ ಹಳದಿ ಪುಡಿ.

“ಇದು ನಾನು ಬರೆದ ಮಾತ್ರೆ ಅಲ್ಲಮ್ಮ,” ಅಂದರು.

ಸುನಂದಳಿಗೆ ನೆತ್ತಿಯ ಮೇಲೆ ಯಾರೋ ಕುಟ್ಟಿದಂತಾಯಿತು. ಒಂದು ತಿಂಗಳು ತನ್ನ ಮಗಳು ನುಂಗಿದ್ದು ಮಾತ್ರೆಯೇ ಅಲ್ಲವಾ? ತಾನು ಹೊಡೆದದ್ದು ಇದಕ್ಕಾ? ಆತುರ ಬೇಡ, ಸ್ಟ್ರಿಪ್ಪು ಎಲ್ಲಿ, ಮನೆಯಲ್ಲಿ ಯಾರಾದರೂ ಬದಲಾಯಿಸಿದರಾ ಅಂತ ಡಾಕ್ಟರಮ್ಮ ಹೇಳುತ್ತಿದ್ದದ್ದು ಕಿವಿಗೆ ಬೀಳುವ ಮೊದಲೇ ಪುಡಿಯನ್ನು ಕಾಗದದಲ್ಲಿ ಮಡಚಿಕೊಂಡು ಎದ್ದಿದ್ದಳು. ಬೇಡಮ್ಮ, ಮನೆಗೆ ಹೋಗೋಣ ಬಾ ಅಂತ ರಂಜಿತ ಸೆರಗು ಹಿಡಿದು ಜಗ್ಗುತ್ತಿದ್ದಳು. ನಾಚಿಕೆಗೆ ಹೀಗಾಡುತ್ತಾಳೆ ಅಂದುಕೊಂಡು ಸುನಂದ ಸೆರಗು ಕಿತ್ತುಕೊಂಡಳು.

ಮಾತ್ರೆ ಕೊಟ್ಟ ಮೆಡಿಕಲ್ ಸ್ಟೋರು ಕಾಂತರಾಜ್ ಎಂಬವನದು, ಬಸ್‌ಸ್ಟ್ಯಾಂಡಿನ ಹತ್ತಿರ. ಅಲ್ಲಿ ಸುನಂದ ಬಾಯಿಗೆ ಬಂದದ್ದೆಲ್ಲ ಅಂದಳು. ಮಣ್ಣು ತುಂಬಿ ಮಾರ್ತೀಯ, ಹೆಣ್ಣುಮಗುವಿನ ಮುಖ ಹಾಳು ಮಾಡಿದೆ, ಪೊಲೀಸಿಗೆ ಕೊಡ್ತೀನಿ ಅಂದಳು. ಬಸ್ಸಿಗೆ ಕಾಯುತ್ತಿದ್ದವರು ಬಂದು ಸುತ್ತ ನಿಂತರು. ಯಾರೋ ಫೋನು ಎತ್ತಿ ವಿಡಿಯೋ ಮಾಡತೊಡಗಿದ. ಕಾಂತರಾಜ್ ತಾಳ್ಮೆಯ ಮನುಷ್ಯ. ಅದೇ ಮಾತ್ರೆಯ ಹೊಸ ಸ್ಟ್ರಿಪ್ಪು ತೆಗೆದು ಎಲ್ಲರೆದುರಿಗೆ ಒಂದನ್ನು ಬಿಚ್ಚಿ ಸುರಿದ. ತಿಳಿ ಹಳದಿ. ಪಕ್ಕದಲ್ಲಿ ಸುನಂದ ತಂದ ಕಾಗದ ಬಿಡಿಸಿಟ್ಟ.

“ಎರಡನ್ನೂ ನೀವೇ ಮೂಸಿ ನೋಡಿ ಅಕ್ಕ,” ಅಂದ.

ಸುನಂದ ಬಗ್ಗಿ ಮೂಸಿದಳು. ಕಸ್ತೂರಿ ಅರಿಶಿನ. ಬರೀ ಅರಿಶಿನವೂ ಅಲ್ಲ, ಅದರಲ್ಲಿ ಪಚ್ಚಕರ್ಪೂರದ ವಾಸನೆ. ಹಾಗೆ ಎರಡನ್ನೂ ಸೇರಿಸಿ ಒರಳಲ್ಲಿ ಕುಟ್ಟಿ, ಸೀರೆಯ ತುಂಡಿನಲ್ಲಿ ಸೋಸಿ ಇಡುವವರು ಅವಳಿಗೆ ಗೊತ್ತಿದ್ದ ಮಟ್ಟಿಗೆ ಒಬ್ಬರೇ. ಇಪ್ಪತ್ನಾಲ್ಕು ವರ್ಷ ಪ್ರತಿ ಶುಕ್ರವಾರ ಅದನ್ನೇ ಕೆನ್ನೆಗೆ ಹಚ್ಚಿಕೊಂಡಿದ್ದಾಳೆ, ಮೂಗು ಹೇಗೆ ತಪ್ಪುತ್ತದೆ? ಇನ್ನೂ ನಾಲ್ಕು ಬೈಗುಳ ಬಾಯಲ್ಲೇ ಉಳಿದವು. ಅಂಗಡಿಯ ಗಾಜಿನ ಪೆಟ್ಟಿಗೆ ಹಿಡಿದುಕೊಂಡಳು. ಸುತ್ತ ನಿಂತವರು ಈಗ ಕಾಂತರಾಜನನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು. ರಂಜಿತಳೇ ಮುಂದೆ ಬಂದು ತಪ್ಪಾಯಿತು ಅಣ್ಣ ಅಂದು, ಒಂದು ಹೊಸ ಸ್ಟ್ರಿಪ್ಪು ತೆಗೆದುಕೊಂಡು, ತಾಯಿಯ ರಟ್ಟೆ ಹಿಡಿದು ಬಸ್ಸು ಹತ್ತಿಸಿದಳು.

ಮನೆಗೆ ಬಂದರೆ ಜಗಲಿಯ ಮೇಲೆ ಪಕ್ಕದ ಬೀದಿಯ ದೊಡ್ಡಗಂಗಮ್ಮ ಕೂತಿದ್ದಳು. ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು. ನಾಳೆ ಅವರ ಮನೆಗೆ ಹುಳು ಬರುತ್ತದಂತೆ, ಮೊದಲ ಸೊಪ್ಪಿಗೆ ದೊಡ್ಡಮುನಿಯಮ್ಮನೇ ಬರಬೇಕಂತೆ. ಮುದುಕಿಯ ಮುಖ ಅರಳಿತ್ತು. ಸುನಂದ ಕಾಗದದ ಮಡಿಕೆ ಬಿಡಿಸಿ ಆ ತಟ್ಟೆಯ ಪಕ್ಕದಲ್ಲಿಟ್ಟಳು.

“ಅಮ್ಮ, ಗಂಗಮ್ಮತ್ತೆ ಹೋಗ್ಲಿ, ಆಮೇಲೆ ಕೇಳು,” ಅಂತ ರಂಜಿತ ಅವಳ ಕಿವಿಯಲ್ಲಿ ಅಂದಳು.

ಸುನಂದ ಗಕ್ಕನೆ ಮಗಳ ಕಡೆ ತಿರುಗಿದಳು. ಏನು ಕೇಳಬೇಕು ಅಂತ ಇವಳಿಗೆ ಹೇಗೆ ಗೊತ್ತು? ಬಸ್ಸಿನಲ್ಲಿ ತಾನು ಒಂದು ಮಾತೂ ಆಡಿರಲಿಲ್ಲವಲ್ಲ. ಕ್ಲಿನಿಕ್ಕಿನಲ್ಲಿ ಡಬ್ಬಿ ಎಳೆದದ್ದು, ಸೆರಗು ಜಗ್ಗಿದ್ದು ಎಲ್ಲ ಒಟ್ಟಿಗೆ ನೆನಪಾಗಿ, ಬೆಳಗಿನಿಂದ ಬಿದ್ದ ಹೊಡೆತಗಳಲ್ಲಿ ಇದೇ ದೊಡ್ಡದು ಅನ್ನಿಸಿತು. ಕಂಬಕ್ಕೆ ಒರಗಿ ಕೂತಳು.

ಮುದುಕಿ ಪುಡಿ ನೋಡಿದಳು. ಮೊಮ್ಮಗಳ ಮುಖ ನೋಡಿದಳು. ಎಲೆ ಅಡಿಕೆಯ ತಟ್ಟೆಯನ್ನು ಎರಡು ಕೈಯಿಂದ ಎತ್ತಿ ದೊಡ್ಡಗಂಗಮ್ಮನ ತೊಡೆಯ ಮೇಲಿಟ್ಟಳು.

“ತಕ್ಕೊಂಡು ಹೋಗಮ್ಮ. ಈ ಕೈನಾಗೆ ಏನೂ ಇಲ್ಲ. ಈ ತಲ್ಲಿ, ನನ್ ಮೊಮ್ಮಗಳ ಮುಖಕ್ಕೆ ತಂದ ಮಾತ್ರೆ ಕದ್ದು ನೀರ್ನಾಗೆ ಕದಡಿ ಹುಳಕ್ಕೆ ಹಾಕ್ದೆ. ಮಾತ್ರೆಯ ಖಾಲಿ ಓಡಿಗೆ ಅರಿಶಿನ ತುಂಬಿ ಇವಳಿಗೆ ನುಂಗಿಸ್ದೆ.”

ದೊಡ್ಡಗಂಗಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಎದ್ದು, ತಟ್ಟೆ ತೆಗೆದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದೇ ನಡೆದಳು. ಸಾಯಂಕಾಲದೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಅನ್ನುವುದು ಮೂವರಿಗೂ ತಿಳಿದಿತ್ತು.

ಮುದುಕಿ ಸೊಸೆಗೂ ಹೇಳಿದಳು, ಯಾವ ಮುಚ್ಚುಮರೆಯೂ ಇಲ್ಲದೆ. ಕ್ರಿಮಿ ಸಾಯಿಸುವ ಮಾತ್ರೆ ಅಂತ ನೀನೇ ಅಂದೆ, ಹುಳಕ್ಕೂ ಕ್ರಿಮಿಯಿಂದಲೇ ರೋಗ ಅಂತ ರೇಷ್ಮೆ ಇಲಾಖೆಯವರು ಅಂದಿದ್ದರು. ಅರಿಶಿನ ಮುಖಕ್ಕೆ ಒಳ್ಳೆಯದೇ ಅಲ್ಲವಾ, ಮೊಡವೆ ಹೇಗೂ ಇಳಿದಿತ್ತಲ್ಲ, ವಿಷ ಹಾಕಿದೆನಾ ಅಂದುಕೊಂಡೆ. ಇನ್ನೊಂದು ಸಲ ಹುಳು ಸತ್ತಿದ್ದರೆ ಈ ಮನೆಯಲ್ಲಿ ನನ್ನ ಕೈಯಿಂದ ಯಾರೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ ಅಂದಳು. ಹುಳು ಉಳಿದದ್ದು ಮಾತ್ರೆಯಿಂದಲೋ ಹವೆಯಿಂದಲೋ, ಅದು ದೇವರಿಗೇ ಗೊತ್ತು. ಮುಖ ಕೆಟ್ಟದ್ದು ಮಾತ್ರ ಕಣ್ಣೆದುರಿಗಿತ್ತು.

ಸುನಂದಳಿಗೆ ಅತ್ತೆಯನ್ನು ಬೈಯಬೇಕಿತ್ತು. ಬೈಗುಳಕ್ಕೆ ಹುಡುಕಿದರೆ ಸಿಕ್ಕಿದ್ದು ಅವತ್ತು ಗುಂಡಿಯ ಹತ್ತಿರ ತಾನು ಆಡಿದ ಮಾತು. ಮಗಳ ಕಡೆ ತಿರುಗಿದಳು. ಯಾವಾಗ ಗೊತ್ತಾಯಿತು ಅಂತ ಕೇಳಿದಳು. ಐದನೇ ದಿನವೇ, ತೇಗಿದರೆ ಅರಿಶಿನ ವಾಸನೆ ಬಂತು ಅಂದಳು ರಂಜಿತ. ಒಂದನ್ನು ಬಿಚ್ಚಿ ನೋಡಿದ್ದಾಳೆ, ಹುಳುಮನೆಗೆ ಹೋಗಿ ಅಜ್ಜಿಯನ್ನೂ ಮರೆಯಲ್ಲಿ ನಿಂತು ನೋಡಿದ್ದಾಳೆ. ಗೂಡು ಬಿಡಿಸಲಿ, ಆಮೇಲೆ ಅಜ್ಜಿಗೆ ಮಾತ್ರ ಹೇಳೋಣ ಅಂತ ಇದ್ದಳಂತೆ.

“ಹೊಡೆದಾಗಲಾದ್ರೂ ಹೇಳಬಾರದಿತ್ತಾ, ಮಗಳೇ?”

“ಹೇಳಕ್ಕೆ ಬಾಯಿ ತೆಗ್ದೆ ಅಮ್ಮ. ನೀನು ಅಜ್ಜಿ ಕಡೆ ತಿರುಗಿ, ನಿಮ್ಮ ಕೈಲಿ ಕೊಟ್ಟಿದ್ದನ್ನೂ ಎಸೀತಾಳೆ ಅಂದೆ. ಅಜ್ಜಿ ಬಾಗಿಲು ಹಿಡ್ಕೊಂಡು ತಲೆ ಬಗ್ಗಿಸಿದ್ಲು. ಕೆನ್ನೆ ನಾಳೆ ವಾಸಿ ಆಗ್ತದೆ ಅಂದ್ಕೊಂಡೆ.”

ಸುನಂದ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮುಂದಿನ ಸೋಮವಾರ ಮಗಳು ಮುಳಬಾಗಿಲಿನ ಸ್ಕೂಲಿಗೆ ಹೋಗಬೇಕು ಅಂತ ನೆನಪಾಯಿತು. ಅಷ್ಟರಲ್ಲಿ ಮುಖ ವಾಸಿಯಾಗುವುದಿಲ್ಲ. ಓದು ಬಿಡುತ್ತೀಯಾ ಅಂತ ಕೇಳಲು ಧೈರ್ಯ ಸಾಲಲಿಲ್ಲ. ರಂಜಿತಳೇ ಹೋಗ್ತೀನಿ ಅಂದಳು. ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಜನ ನೋಡಿದರು, ವಿಡಿಯೋ ಬೇರೆ ತೆಗೆದರು, ಮಾಸ್ಕು ಜಾರಿದ್ದು ನನಗೇ ಗೊತ್ತಾಗಲಿಲ್ಲ, ಎಂಟನೇ ಕ್ಲಾಸಿನ ಮಕ್ಕಳು ಅದಕ್ಕಿಂತ ಏನು ನೋಡುತ್ತಾರೆ ಅಂದಳು.

ಮಾರನೇ ಬೆಳಿಗ್ಗೆ ತಿಂಡಿಯಾದ ಮೇಲೆ ಸುನಂದ ಹೊಸ ಸ್ಟ್ರಿಪ್ಪಿನಿಂದ ಒಂದು ಕ್ಯಾಪ್ಸುಲು ಒತ್ತಿ ತೆಗೆದಳು. ಮುದುಕಿ ದೇವರ ಗೂಡಿಗೆ ಬೆನ್ನು ಮಾಡಿ ಗೋಡೆ ನೋಡುತ್ತ ಕೂತಿದ್ದಳು. ಸುನಂದ ಹೋಗಿ ಆಕೆಯ ಅಂಗೈ ಬಿಡಿಸಿ ಮಾತ್ರೆ ಇಟ್ಟು, ನೀವೇ ಕೊಡಿ ಅತ್ತೆ ಅಂದಳು. ಮುದುಕಿ ಬೇಡ ಬೇಡವೆಂದು ತಲೆಯಾಡಿಸಿದಳು. ರಂಜಿತ ನೀರಿನ ಲೋಟ ಹಿಡಿದು ಎದುರಿಗೆ ಬಂದು ಕೂತು ಕೈ ಚಾಚಿದಳು.

“ಹಂಗಾದ್ರೆ ನೀನು ಇಲ್ಲೇ ನಿಂತು ನೋಡ್ತಿರಮ್ಮ,” ಅಂದಳು ಮುದುಕಿ.

“ಒಲೆ ಮೇಲೆ ಹಾಲಿಟ್ಟಿದ್ದೀನಿ, ಉಕ್ಕೋಗ್ತದೆ,” ಅಂದು ಸುನಂದ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಮಗಳು ನೀರು ಕುಡಿದು ಲೋಟ ಕೆಳಗಿಡುವ ಸದ್ದು ಕೇಳುವವರೆಗೂ ಅವಳು ಅಲ್ಲೇ ನಿಂತಿದ್ದಳು.