ಬೀಗ ತೆಗೆದಿಟ್ಟ ಮನೆ

ದಿನ ತುಂಬಿ ವಾರ ಕಳೆದರೂ ಅನ್ನಪೂರ್ಣಳಿಗೆ ನೋವು ಬರಲಿಲ್ಲ. ಬೆಂಗಳೂರಿನ ಬಿಟಿಎಂ ಬಡಾವಣೆ ಎರಡನೇ ಹಂತದ ಆ ಮಹಡಿ ಮನೆಯಲ್ಲಿ ಈ ವಿಷಯವಾಗಿ ಅಭಿಪ್ರಾಯ ಹೇಳದೆ ಉಳಿದವಳು ಅನ್ನಪೂರ್ಣ ಒಬ್ಬಳೇ.

ತೊಂಬತ್ತನಾಲ್ಕನೇ ಇಸವಿ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಬಾಗಲಕೋಟೆ ಕಡೆಯ ಆ ತವರಿನ ಆಸ್ಪತ್ರೆಯಲ್ಲಿ ಡಾಕ್ಟರ ಕುರ್ಚಿ ಖಾಲಿಯಿತ್ತು. ಹಾಗಾಗಿ ತವರೇ ಬಸ್ಸು ಹತ್ತಿ ಬಂದಿತ್ತು: ತಾಯಿ ತಂಗೆವ್ವ, ಒಂದು ಟ್ರಂಕು, ಒಂದು ಸೀಸೆ ಹರಳೆಣ್ಣೆ.

ಜಯನಗರದ ನರ್ಸಿಂಗ್ ಹೋಮಿನ ಡಾಕ್ಟರಮ್ಮ ಗುರುವಾರ ಗಂಡ ಹೆಂಡತಿ ಇಬ್ಬರಿಗೂ ಸ್ಪಷ್ಟವಾಗಿಯೇ ಹೇಳಿದ್ದರು: "ಸೋಮವಾರದವರೆಗೂ ನೋಡೋಣ. ಬರದಿದ್ರೆ ಅಡ್ಮಿಟ್ ಮಾಡ್ಕೊಂಡು ಇಂಜೆಕ್ಷನ್ ಕೊಡ್ತೀವಿ. ಆದ್ರೆ ಮಗು ಆಡೋದು ಕಮ್ಮಿ ಅನ್ನಿಸ್ತೋ, ಕಾಯ್ಬೇಡಿ. ತಕ್ಷಣ ಬನ್ನಿ, ಇಲ್ಲಾ ಫೋನ್ ಮಾಡಿ." ಅನ್ನಪೂರ್ಣಳ ಗಂಡ ಮೌನೇಶ ಮಡಿವಾಳದ ಕೊರಿಯರ್ ಆಫೀಸಿನಲ್ಲಿ ಗುಮಾಸ್ತ. ದಿನವಿಡೀ ಬೇರೆಯವರ ಲಕೋಟೆಗಳನ್ನು ಜೋಪಾನವಾಗಿ ತಲುಪಿಸುವವನು, ಈ ಮಾತಿನಲ್ಲಿ ಅರ್ಧವನ್ನಷ್ಟೇ ಮನೆಗೆ ತಲುಪಿಸಿದ: ಸೋಮವಾರ, ಇಂಜೆಕ್ಷನ್.

"ಮೊದಲ ಸೂಜಿ, ಆಮ್ಯಾಗ ಕತ್ತಿ," ಅಂದಳು ತಂಗೆವ್ವ. "ನಮ್ಮ ಓಣ್ಯಾಗಿಂದ ಬೆಂಗಳೂರಿಗೆ ಹಡ್ಯಾಕ ಬಂದಾಕಿ ಒಬ್ಬಾಕಿನೂ ಹೊಟ್ಟಿ ಹೊಲಿಸ್ಕೊಳ್ದ ತಿರುಗಿ ಬಂದಿಲ್ಲ. ಸೋಮವಾರದ ಒಳಗ ನಾನ ಬರಸ್ತೀನಿ ನೋವು."

ಕೆಳಗಿನ ಮನೆಯ ಒಡತಿ ಸೀತಾಲಕ್ಷ್ಮಿಯವರಿಗೂ ಕತ್ತಿಯ ವಿಷಯದಲ್ಲಿ ಇದೇ ಭಯ. ಔಷಧದಲ್ಲಿ ಮಾತ್ರ ಭಿನ್ನಾಭಿಪ್ರಾಯ. ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ಅವರು ತುಪ್ಪ ಹಾಕಿದ ಜೀರಿಗೆ ಕಷಾಯದ ಪಕ್ಷ. "ಹರಳೆಣ್ಣೆ ಎತ್ತಿಗೆ ಸರಿ ಕಣ್ರೀ," ಅಂದರು. "ಕಷಾಯ ನೆಗಡಿಗೆ ಸರಿ ಬಿಡ್ರೀ," ಅಂದಳು ತಂಗೆವ್ವ. ಅನ್ನಪೂರ್ಣ ಇಬ್ಬರ ಮರ್ಯಾದೆಯನ್ನೂ ಉಳಿಸಿ ಎರಡನ್ನೂ ಕುಡಿದಳು. ಅನಾನಸ್ ತಿಂದಳು. ಕುಕ್ಕರಗಾಲಲ್ಲಿ ಕೂತು, ಒರೆಸಿದ ನೆಲವನ್ನೇ ಮತ್ತೆ ಒರೆಸಿದಳು. ಮೆಟ್ಟಿಲು ಹತ್ತಿದಳು, ಇಳಿದಳು. ತಂಗೆವ್ವನಿಗೆ ಕೊನೆಯಲ್ಲಿ ಊರಿನ ಪದ್ಧತಿ ನೆನಪಾಯಿತು. ಮನೆಯಲ್ಲಿ ಬೀಗ, ಚಿಲಕ, ಮುಚ್ಚಳ, ಗಂಟು ಏನಿದ್ದರೂ ಬಿಚ್ಚಿಡಬೇಕು. ಮನೆ ಬಿಗಿದಿದ್ದರೆ ಬಸುರಿಯ ಮೈಯೂ ಬಿಗಿದಿರುತ್ತದೆ. ಟ್ರಂಕು ಬಾಯಿ ತೆರೆಯಿತು. ಬೆಲ್ಲದ ಡಬ್ಬಿ, ರವೆ ಡಬ್ಬಿ ತೆರೆದವು. ಅನ್ನಪೂರ್ಣಳ ಜಡೆ ಬಿಚ್ಚಿತು. ಒಂದೇ ಕಟ್ಟಡವಲ್ಲವೇ ಎಂದು ತಂಗೆವ್ವ ಕೆಳಗಿಳಿದು ಬಂದು, ಒಡತಿಯ ಬೀರುವನ್ನೂ ಉಗ್ರಾಣವನ್ನೂ ತೆಗೆಸಿದಳು.

ಒಂದು ಬೀಗ ಮಾತ್ರ ಯಾರಿಗೂ ನೆನಪಾಗಲಿಲ್ಲ. ಬಾಡಿಗೆಯವರು, ಅಕ್ಕಪಕ್ಕದವರು ಬಂದು ಕರೆ ಮಾಡಿ ಬಿಲ್ಲು ಏರಿಸುತ್ತಾರೆಂದು, ಸೀತಾಲಕ್ಷ್ಮಿಯವರ ಯಜಮಾನರು ಸೇತುರಾಮಯ್ಯ ಫೋನಿನ ಡಯಲಿಗೆ ಹಾಕಿದ್ದ ಪುಟ್ಟ ಬೀಗ.

ಶನಿವಾರ ಸಂಜೆ ಮೌನೇಶ ಆಟೋ ತಂದ. ಕುಲುಕಾಟಕ್ಕೆ ನೋವು ಬರುತ್ತದೆಂದು ಆಫೀಸಿನಲ್ಲಿ ಯಾರೋ ಹೇಳಿದ್ದರಂತೆ. ಆಟೋದ ಚಲುವರಾಜು ಹುರುಪಿನ ಆಸಾಮಿ.

"ಹಳ್ಳ ಬೇಕಾ ಸಾರ್? ಅರೆಕೆರೆ ಕಡೆ ಬಿಡ್ಲಾ, ಇಲ್ಲೇ ಪೈಪ್ ಹಾಕೋಕೆ ಅಗೆದಿದ್ದಾರಲ್ಲ, ಅದ್ರ ಮೇಲೆ ಬಿಡ್ಲಾ? ಕಾರ್ಪೊರೇಷನ್ನೋರೇ ಹೆರಿಗೆ ಮಾಡಿಸ್ತಾರೆ, ನೋಡ್ತಿರಿ!"

ಎಲ್ಲರೂ ನಕ್ಕರು. ಅನ್ನಪೂರ್ಣ ಕಂಬಿ ಹಿಡಿದು ಕೂತು, ತಾನೂ ನಕ್ಕಳು.

ಭಾನುವಾರ ಮೌನೇಶನಿಗೆ ಡ್ಯೂಟಿಯಿತ್ತು. ರಾತ್ರಿಯೆಲ್ಲ ಹರಳೆಣ್ಣೆಯ ಕೃಪೆಯಿಂದ ಕಕ್ಕಸಿಗೆ ಓಡಾಡಿ ಬಸವಳಿದಿದ್ದ ಅನ್ನಪೂರ್ಣ, ಬೆಳಿಗ್ಗೆ ಗೋಡೆಗೊರಗಿ ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದಳು.

"ಅವ್ವಾ, ಕೂಸು ಮಿಸುಕಾಡವಲ್ದು."

ತಂಗೆವ್ವನ ಮುಖ ಅರಳಿತು. "ಮತ್ತ! ಎಣ್ಣಿ ಕೆಲಸ ಮಾಡೈತಿ. ಹೊರಗ ಬರೂ ಮುಂದ ಕೂಸು ತೆಪ್ಪಗ ಕುಂದರ್ತೈತಿ. ನೀ ಹುಟ್ಟೂ ಮುಂದನೂ ಹಂಗ ಇದ್ದಿ."

ಅಷ್ಟರಲ್ಲಿ ಕಷಾಯ ಹಿಡಿದು ಬಂದ ಸೀತಾಲಕ್ಷ್ಮಿಯವರು, "ಹೌದಮ್ಮ, ನಮ್ಮಲ್ಲೂ ಹಾಗೇ ಹೇಳ್ತಾರೆ. ಜಾಗ ಸಾಲಲ್ಲ ನೋಡು, ಪಾಪ, ಹೇಗೆ ಆಡುತ್ತೆ?" ಅಂದರು.

ತಂಗೆವ್ವ ಬಂದಿಳಿದ ಮೇಲೆ, ಕತ್ತಿಯ ಭಯವೊಂದನ್ನು ಬಿಟ್ಟರೆ, ಇಬ್ಬರೂ ಒಪ್ಪಿದ ಮೊದಲ ಮಾತು ಅದು. ಬಸವನಗುಡಿ, ಬಾಗಲಕೋಟೆ ಎರಡೂ ಸೇರಿ ಹೇಳಿದ ಮೇಲೆ ಇಪ್ಪತ್ತೆರಡರ ಹುಡುಗಿ ಏನು ಹೇಳಿಯಾಳು? ಆದರೂ ಹೇಳಿದಳು. "ಡಾಕ್ಟರಮ್ಮ ಹಂಗಾದ್ರ ತಡಾ ಮಾಡಬ್ಯಾಡ್ರಿ ಅಂದಾರ."

"ಈಗ ಹೋದ್ರ ಹಿಡಕೊಂಡು ಕೊಯ್ತಾರ. ಇಷ್ಟು ದಿನ ಕಾದು, ಬಾಗಲಾಗ ಬಂದ ಕೂಸಿಗಿ ಕತ್ತಿ ತೋರಸ್ತಿಯೇನು?"

ಮಧ್ಯಾಹ್ನ ತಾಯಿ ಮಂಪರಿನಲ್ಲಿದ್ದಾಗ ಅನ್ನಪೂರ್ಣ ಮೆಟ್ಟಿಲಿಳಿದು ಹೋದಳು. ರಸ್ತೆ ಮೂಲೆಯ ಟೆಲಿಫೋನ್ ಬೂತಿನವರೆಗೆ ನಡೆಯಲು ಕಾಲಲ್ಲಿ ಶಕ್ತಿಯಿರಲಿಲ್ಲ.

"ಆಂಟಿ, ಒಂದು ಫೋನ್ ಮಾಡಬೇಕಿತ್ತು. ಡಾಕ್ಟರಿಗೆ."

ಸೀತಾಲಕ್ಷ್ಮಿಯವರು ಫೋನಿನತ್ತ ನೋಡಿದರು. ಬೀಗ ಡಯಲಿನಲ್ಲಿ ನೇತಾಡುತ್ತಿತ್ತು. "ಅಯ್ಯೋ, ಕೀ ಅವರ ಹತ್ರ ಇರುತ್ತಮ್ಮ. ಬನಶಂಕರಿ ದೇವಸ್ಥಾನಕ್ಕೆ ಹೋಗಿದ್ದಾರೆ, ಸಂಜೆ ಬರ್ತಾರೆ. ಭಾನುವಾರ ಬೇರೆ, ಡಾಕ್ಟರಿಗೂ ಸಂಸಾರ ಇರುತ್ತಲ್ವಾ? ನೀನು ಸುಮ್ನೆ ಗಾಬರಿ ಆಗ್ಬೇಡ. ಕೂತ್ಕೋ, ಮಜ್ಜಿಗೆ ಕೊಡ್ತೀನಿ."

ಅನ್ನಪೂರ್ಣ ಮಜ್ಜಿಗೆ ಕುಡಿದು ಮೇಲೆ ಹೋದಳು.

ಸಂಜೆ ನೋವು ಬಂತು. ತಾನಾಗಿಯೇ, ಸೂಜಿಯಿಲ್ಲದೆ, ಸೋಮವಾರದ ಒಳಗೇ. ಡ್ಯೂಟಿ ಮುಗಿಸಿ ಬಂದ ಮೌನೇಶ ಆಟೋ ತಂದಾಗ ತಂಗೆವ್ವ ಗೆದ್ದವಳಂತೆ ಹತ್ತಿದಳು. ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರವಿಟ್ಟು ಕೇಳಿದರು. ಇನ್ನೊಂದು ಕಡೆ ಇಟ್ಟು ಕೇಳಿದರು. ಮತ್ತೊಂದು ಕಡೆ ಇಟ್ಟರು.

"ಮಗು ಯಾವಾಗಿಂದ ಆಡ್ತಿಲ್ಲ?"

ಅನ್ನಪೂರ್ಣ ತಾಯಿಯ ಮುಖ ನೋಡಿದಳು. ತಾಯಿ ಮೌನೇಶನ ಮುಖ ನೋಡಿದಳು. ಮೌನೇಶನಿಗೆ ಗುರುವಾರದ ಮಾತಿನ ಉಳಿದರ್ಧ ಆಗ ನೆನಪಾಯಿತು.

ಹೆರಿಗೆ ಸಲೀಸಾಗಿ ಆಯಿತು. ಒಂದು ಹೊಲಿಗೆಯೂ ಬೀಳಲಿಲ್ಲ. ಗಂಡು. ತೂಕ ಚೆನ್ನಾಗಿತ್ತು, ತಲೆ ತುಂಬ ಕೂದಲಿತ್ತು. ಅಳಲಿಲ್ಲ. ಸುದ್ದಿಯನ್ನು ಮೌನೇಶ ಕೆಳಗಿನ ಮನೆಗೆ ಫೋನ್ ಮಾಡಿ ತಿಳಿಸಿದ. ಒಳಗೆ ಬರುವ ಕರೆಗೆ ಆ ಬೀಗದ ಅಡ್ಡಿಯಿರಲಿಲ್ಲ.

ಅನ್ನಪೂರ್ಣ ಮನೆಗೆ ಬಂದಾಗ ಎಲ್ಲವೂ ಹಾಗೇ ಬಾಯಿ ತೆರೆದುಕೊಂಡಿತ್ತು. ಬೆಲ್ಲದ ಡಬ್ಬಿಗೆ ಇರುವೆ ಮುತ್ತಿತ್ತು. ತಂಗೆವ್ವ ಅದನ್ನು ಹೊಸ್ತಿಲಾಚೆ ಒಯ್ದು, ಮೆಟ್ಟಿಲ ಮೇಲೆ ಕೂತು, ಇರುವೆಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಸೀತಾಲಕ್ಷ್ಮಿಯವರು ಕಷಾಯದ ಲೋಟ ಹಿಡಿದು ಬಂದು ಬಾಗಿಲಾಚೆ ನಿಂತರು. ಏನು ಹೇಳುವುದೆಂದು ತಿಳಿಯದಿದ್ದಾಗ ಮನುಷ್ಯರು ಹೇಳುವುದನ್ನೇ ಹೇಳಿದರು.

"ಸದ್ಯ, ಹೊಟ್ಟೆ ಕೊಯ್ಯದೆ ಆಯ್ತಲ್ಲ. ಮುಂದಿನದಕ್ಕೆ ತೊಂದರೆಯಿಲ್ಲ."

"ಹೌದ್ರಿ. ಅದೊಂದು ಪುಣ್ಯ," ಅಂದಳು ತಂಗೆವ್ವ, ತಲೆ ಎತ್ತದೆ.

ಅನ್ನಪೂರ್ಣಳ ರವಿಕೆ ಎದೆಹಾಲಿನಿಂದ ಒದ್ದೆಯಾಗಿತ್ತು. ಲೋಟ ತೆಗೆದುಕೊಳ್ಳಲು ಕೈ ಚಾಚಲಿಲ್ಲ.

"ಆಂಟಿ, ಅವತ್ತು ಫೋನಿನ ಕೀಲಿ ಸಿಕ್ಕಿತೇನ್ರಿ?"

ಸೀತಾಲಕ್ಷ್ಮಿಯವರು ಲೋಟದೊಳಗೆ ನೋಡಿದರು. "ಅವರ ಇನ್ನೊಂದು ಶರ್ಟಲ್ಲಿತ್ತಮ್ಮ," ಅಂದರು. "ಅಲ್ಲೇ, ಫೋನ್ ಪಕ್ಕ ಗೂಟಕ್ಕೆ ತಗುಲಿಹಾಕಿದ್ರು."

ಅನ್ನಪೂರ್ಣ ಎದ್ದು ಟ್ರಂಕು ಮುಚ್ಚಿದಳು. ರವೆ ಡಬ್ಬಿಯ ಮುಚ್ಚಳ ಒತ್ತಿದಳು. ಜಡೆ ಎತ್ತಿ ಗಂಟು ಹಾಕಿಕೊಂಡಳು. ಆಮೇಲೆ ಬಾಗಿಲ ಬಳಿ ಬಂದು, ಹೊರಗಿದ್ದ ಇಬ್ಬರನ್ನೂ ಒಮ್ಮೆ ನೋಡಿ, ಕದ ಮುಚ್ಚಿ ಒಳಗಿನಿಂದ ಚಿಲಕ ಹಾಕಿಕೊಂಡಳು.