ಹತ್ತು ಎಣಿಸುವವರೆಗೆ

ಒಂದು — ಫ್ರಿಜ್ಜಿನ ತಂಪು ಇನ್ನೂ ಬಿಟ್ಟಿಲ್ಲ ಈ ಚುಚ್ಚುಮದ್ದಿನ ಪೆನ್ನಿಗೆ, ಗುಂಡಿ ಒತ್ತಿದ ಹೆಬ್ಬೆರಳು ತಣ್ಣಗಾಗಿದೆ, ಒತ್ತಿಯೇ ಇರಬೇಕು, ಸೂಜಿ ಹೊಟ್ಟೆಯೊಳಗೇ ಇರಲಿ, ಎರಡು — ಕೈಗೆ ಮಾತ್ರ ತಡೆಯಲಾಗದ ಆತುರ, ಮೂವತ್ತು ವರ್ಷ ಚುಚ್ಚಿದ ಕೂಡಲೇ ಎಳೆದ ಕೈ, ಬಟ್ಟೆಯೊಳಗೆ ಸೂಜಿ ನಿಲ್ಲಿಸಿಕೊಂಡು ಕೂರುವ ದರ್ಜಿ ಎಲ್ಲಾದರೂ ಇದ್ದಾಳೆಯೇ, ಆದರೆ ಇದು ನಿಲ್ಲಬೇಕಂತೆ, ಹತ್ತು ಎಣಿಸುವವರೆಗೆ, ಮೊನ್ನೆ ಆಸ್ಪತ್ರೆಯ ನರ್ಸ್ ಹೇಳಿದಳು, ಮೊನ್ನೆ ಏನು ಬಂತು, ಆರು ವಾರದ ಹಿಂದೆ ಮೊದಲ ಪೆನ್ನು ಕೊಟ್ಟ ದಿನವೇ ಹೇಳಲು ಬಾಯಿ ತೆರೆದಿದ್ದಳು, ನಾನೇ ಕೇಳಲಿಲ್ಲ, ನಿನ್ನ ವಯಸ್ಸಿಗಿಂತ ಜಾಸ್ತಿ ವರ್ಷ ಸೂಜಿ ಹಿಡಿದಿದ್ದೀನಮ್ಮ, ನನಗೇ ಹೇಳಿಕೊಡ್ತೀಯಾ ಅಂದುಬಿಟ್ಟೆ, ಪಾಪ, ನಕ್ಕು ಪೆನ್ನು ಕೈಗಿಟ್ಟಳು. ಜಂಭಕ್ಕೇನು ಕಡಿಮೆಯಿಲ್ಲ ನನಗೆ. ಆರು ಸೋಮವಾರ ಚುಚ್ಚಿದೆ, ಎಳೆದೆ, ಪ್ರತಿ ಸಲವೂ ಚರ್ಮದ ಮೇಲೆ ಒಂದು ಹನಿ, ಗುಂಡುಸೂಜಿಯ ತಲೆಯಷ್ಟು, ಕಿಟಕಿಯ ಬೆಳಕಿಗೆ ಮಿನುಗುವ ಹನಿ, ಸೂಜಿಯ ತುದಿಯಿಂದ ಇನ್ನೆರಡು ನೆಲಕ್ಕೆ, ಕತ್ತರಿಸಿದ ಬಟ್ಟೆಯ ಚೂರಿನಿಂದ ಒರೆಸಿ ಕೆಲಸಕ್ಕೆ ಕೂರುತ್ತಿದ್ದೆ.

ಮೂರು — ಮೂಲೆಯಲ್ಲಿ ಹೊಲಿಗೆ ಯಂತ್ರ ಮುಸುಕು ಹೊದ್ದು ಕೂತಿದೆ, ನಾಲ್ಕು ತಿಂಗಳಾಯಿತು, ಪೆಡಲಿನ ಮೇಲೆ ಕಾಲಿಟ್ಟರೆ ಮಂಡಿಯೊಳಗೆ ಯಾರೋ ಕತ್ತರಿ ಆಡಿಸಿದಂತೆ, ಆಪರೇಷನ್ ಮಾಡೋಣ, ಆದರೆ ಮೊದಲು ಮೂರು ತಿಂಗಳ ಸರಾಸರಿ ಸಕ್ಕರೆ ಎಂಟರೊಳಗೆ ಬರಲಿ, ತೂಕ ಹತ್ತು ಕಿಲೋ ಇಳೀಲಿ, ಇಲ್ಲದಿದ್ರೆ ನಾನು ಕೈ ಹಾಕಲ್ಲ, ಮೂಳೆ ಡಾಕ್ಟರದು ಕಡ್ಡಿ ಮುರಿದಂಥ ಮಾತು, ಅಲ್ಲಿಯವರೆಗೆ ನನಗೆ ಗುಂಡಿ ಹಾಕುವುದು, ಅಂಚು ಮಡಿಸುವುದು, ಇಷ್ಟೇ, ಇಡೀ ಅಂಗಿ ಹೊಲಿಯುವವಳು ಗುಂಡಿ ಹಾಕಿಕೊಂಡು ಕೂತಿದ್ದೇನೆ. ನಾಲ್ಕು — ತಂಗಿಗೂ ವಾರಕ್ಕೊಂದು ಚುಚ್ಚುಮದ್ದೇ, ಆದರೆ ಬೇರೆಯದು, ಹೊಸದು, ನಿಮ್ಮದು ಕರುಳಿನ ಒಂದು ಹಾರ್ಮೋನಿನ ಥರ ಕೆಲಸ ಮಾಡುತ್ತೆ, ಅವರದು ಎರಡರ ಥರ ಎಂದು ಸಕ್ಕರೆ ಡಾಕ್ಟರು ಬಿಡಿಸಿ ಹೇಳಿದಾಗ ನನ್ನ ತಲೆಗೆ ಹೋದದ್ದು ಇಷ್ಟೇ, ನನ್ನದು ಒಂಟಿ ಎಳೆ, ಅವಳದು ಜೋಡಿ ಎಳೆ. ಐದು ತಿಂಗಳಿಗೆ ಹನ್ನೊಂದು ಕಿಲೋ ಇಳಿದಳು ಮಹಾರಾಯ್ತಿ, ಮೊದಲೆರಡು ತಿಂಗಳು ಊಟ ಕಂಡರೆ ವಾಕರಿಕೆ ಎಂದು ಅತ್ತದ್ದೂ ಅವಳೇ, ಈಗ ಐದು ಅಂಗಿ ತಂದು ಮೇಜಿನ ಮೇಲೆ ಸುರಿದು, ಅಕ್ಕಾ, ಎರಡೂ ಕಡೆ ಹಿಡಿದುಕೊಡೇ, ಎಲ್ಲಾ ಜೋಲಾಡ್ತಿದೆ ಅನ್ನುತ್ತಾಳೆ, ಹಿಡಿದುಕೊಟ್ಟೆ, ಕೈಯಲ್ಲೇ ಹೊಲಿದೆ, ಒಂದೊಂದು ಹೊಲಿಗೆಗೂ ಹೊಟ್ಟೆಕಿಚ್ಚು, ಒಡಹುಟ್ಟಿದವಳ ಮೇಲೆ, ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಇದ್ದ ಹಾಗೆ. ಅವಳು ಹೋದ ಮೇಲೆ ಟೇಪು ನನ್ನ ಸೊಂಟಕ್ಕೇ ಸುತ್ತಿಕೊಂಡೆ, ನಲವತ್ತೆರಡು, ಆರು ವಾರದ ಹಿಂದೆಯೂ ನಲವತ್ತೆರಡು, ಟೇಪು ಸುಳ್ಳು ಹೇಳುವುದಿಲ್ಲ.

ಎಷ್ಟಾಯಿತು, ಐದೋ ಆರೋ, ಐದೇ ಎಂದಿಟ್ಟುಕೊಳ್ಳೋಣ, ಬಟ್ಟೆ ಒಂದಿಂಚು ಹೆಚ್ಚು ಬಿಟ್ಟರೆ ನಷ್ಟವಿಲ್ಲ, ಆರು — ಶನಿವಾರ ಜಗಳಕ್ಕೆಂದೇ ಹೋಗಿದ್ದೆ, ನನಗೂ ತಂಗಿಯದ್ದೇ ಕೊಡಿ, ಈ ಒಂಟಿ ಎಳೆಯಲ್ಲಿ ಏನೂ ನಿಲ್ಲುತ್ತಿಲ್ಲ, ನರ್ಸ್ ವಾದ ಮಾಡಲಿಲ್ಲ, ಅಭ್ಯಾಸದ ಪೆನ್ನು, ಒಂದು ಸ್ಪಂಜು ಮುಂದಿಟ್ಟಳು, ಮನೇಲಿ ಹೇಗೆ ಚುಚ್ಕೋತೀರೋ ಹಾಗೇ ಮಾಡಿ ತೋರಿಸಿ, ತೋರಿಸಿದೆ, ಚುಚ್ಚಿದೆ ಎಳೆದೆ, ಏನು ಚುರುಕು, ಸ್ಪಂಜಿನ ಮೇಲೆ ಅದೇ ಹನಿ, ಇಬ್ಬರೂ ಅದನ್ನೇ ನೋಡಿದೆವು. ಏಳು — ಗದರಿದ್ದರೆ ಚೆನ್ನಾಗಿತ್ತು, ಗದರಲಿಲ್ಲ, ತಂಗಿಯ ಪೆನ್ನಿನಲ್ಲಿ ಸೂಜಿಯೇ ಕಾಣುವುದಿಲ್ಲವಂತೆ, ತಾನೇ ಚುಚ್ಚಿ, ಮುಗಿಯಿತು ಎಂದು ತಾನೇ ಟಕ್ಕೆನ್ನುತ್ತದಂತೆ, ನನ್ನದರಲ್ಲಿ ಕಾಯುವ ಕೆಲಸ ನನ್ನ ಕೈಯದು, ಔಷಧಿ ಬದಲಾಯಿಸೋ ಮಾತು ಆಮೇಲೆ ನೋಡೋಣಮ್ಮ, ಮೊದಲು ಇದು ಒಳಗೆ ಹೋಗಲಿ ಅಂದಳು. ಒಳಗೆ ಹೋಗಲಿ. ಹೋಗದ ಔಷಧಿಯನ್ನು ಆರು ವಾರ ಬೈದದ್ದೇ ಬೈದದ್ದು, ನಗು ಬರುತ್ತಿದೆ, ನಗಬಾರದು, ಹೊಟ್ಟೆ ಅಲುಗಾಡುತ್ತದೆ, ಎಂಟು — ಇವತ್ತೇ ಮೊದಲ ವಾರ ಎಂದುಕೊಳ್ಳುತ್ತೇನೆ, ನಿಧಾನಕ್ಕೇ ಇಳಿಯಲಿ, ನನ್ನ ಅಂಗಿಗಳಲ್ಲೂ ಹಿಡಿಯುವುದಕ್ಕೆ ಬೇಕಾದಷ್ಟು ಬಟ್ಟೆ ಇದೆ, ಒಂದು ದಿನ ಆ ಮುಸುಕು ತೆಗೆದು, ಎಣ್ಣೆ ಬಿಟ್ಟು, ಬಲಗಾಲು ಪೆಡಲಿನ ಮೇಲೆ, ಆ ಸದ್ದು ಮತ್ತೆ ಈ ಕೋಣೆಯಲ್ಲಿ, ಒಂಬತ್ತು — ಕೈಯೇ, ಸ್ವಲ್ಪ ತಾಳು, ಇನ್ನೊಂದೇ, ಹತ್ತು.

ಎಳೆದೆ. ಸೂಜಿಯ ತುದಿ ಬರಿದು. ಕಿಟಕಿಯ ಕಡೆ ತಿರುಗಿ ನೋಡಿದೆ, ಬೆರಳು ಆಡಿಸಿ ನೋಡಿದೆ, ಒಂದು ಕೆಂಪು ಚುಕ್ಕೆ, ಸುತ್ತ ಒಣ ಚರ್ಮ, ಹನಿ ಇಲ್ಲ, ಮತ್ತೆ ನೋಡಿದೆ, ಹನಿ ಇಲ್ಲ.