ಪರ್ವದಲ್ಲಿ ಬಚ್ಚಿಟ್ಟ ಗ್ರೀಸ್ ಡಬ್ಬಿ

ನೂಲ ಎಂಬ ಊರಿನ ಧರಣೇಂದ್ರನನ್ನು ಮದುವೆಯಾಗಿ ಶಾಲನ ಆ ಮನೆಗೆ ಬಂದು ಎರಡು ವರ್ಷವಾಗಿತ್ತು. ಇಚಲಕರಂಜಿಯ ಹುಡುಗಿ, ಕೊಲ್ಹಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಮಾತನ್ನು ತೂಗಿ ಆಡುತ್ತಾಳೆ ಎಂದು ತವರಿನಲ್ಲಿ ಹೆಸರು. ಅತ್ತೆ ಚಂಪಾಬಾಯಿಗೆ ಅದೇ ಬಿಗುಮಾನವಾಗಿ ಕಂಡಿತ್ತು.

ಎಂಬತ್ತೊಂದನೇ ಇಸವಿಯ ಭಾದ್ರಪದ. ಮಳೆ ಬಿಡುವು ಕೊಟ್ಟಿತ್ತು, ಕರೆಂಟನ್ನು ನಂಬುವ ಹಾಗಿರಲಿಲ್ಲ. ಹೊಳೆದಂಡೆಯ ಪಂಪನ್ನು ಟ್ರ್ಯಾಕ್ಟರಿನಿಂದಲೇ ಓಡಿಸಿ ಕಬ್ಬಿಗೆ ನೀರೆತ್ತುತ್ತಿದ್ದರು. ಪಂಪನ್ನು ತಿರುಗಿಸುವ ಉದ್ದನೆಯ ಶಾಫ್ಟಿನ ಎರಡೂ ತುದಿಗೆ ಒಂದೊಂದು ಕ್ರಾಸ್, ಅಂದರೆ ಕೀಲು. ಅವಕ್ಕೆ ದಿನಾ ಗ್ರೀಸ್ ಬೇಕು. ಜೈನರು ಹತ್ತು ದಿನ ಅಹಿಂಸೆಯ ವ್ರತ ಹಿಡಿಯುವ ದಶಲಕ್ಷಣ ಪರ್ವದ ಹಿಂದಿನ ದಿನ ಡ್ರೈವರ್ ಮಲ್ಲಾರಿ ಶಾಫ್ಟನ್ನು ಬಿಚ್ಚಿ ತಂದು, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಡಬ್ಬಿಯಿಂದ ಗ್ರೀಸ್ ತುಂಬುತ್ತಿದ್ದ.

ಚಂಪಾಬಾಯಿ ಡಬ್ಬಿಯನ್ನು ದೂರದಿಂದಲೇ ಬಗ್ಗಿ ನೋಡಿದರು. "ಇದರಾಗ ಏನಿರ್ತದ ಶಾಲನ? ನೀ ಓದಿದಾಕಿ."

"ಎಣ್ಣೀಗೆ ಸೋಪ್ ಕೂಡಿಸಿ ಮಾಡ್ತಾರ್ರಿ. ಆ ಸೋಪಿಗೆ ಕೆಲವು ಕಡೆ ದನದ ಚರಬಿ ಹಾಕ್ತಾರ."

ಔಡಲೆಣ್ಣೆಯಿಂದಲೂ ಮಾಡುತ್ತಾರೆ, ಈ ಡಬ್ಬಿಯದು ಯಾವುದೋ ತನಗೆ ಗೊತ್ತಿಲ್ಲ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅತ್ತೆ ಅವಳ ಕೈ ಹಿಡಿದರು. "ನೋಡ, ನೀ ಇದ್ದಿದ್ದಕ್ಕ ಗೊತ್ತಾತು." ಎರಡು ವರ್ಷದಲ್ಲಿ ಅಂಥ ಮಾತು ಅದೇ ಮೊದಲು. ಶಾಲನ ಉಳಿದದ್ದನ್ನು ನುಂಗಿದಳು.

ಚಂಪಾಬಾಯಿ ಮಲ್ಲಾರಿಗೆ ಶೇಂಗಾ ಎಣ್ಣೆಯ ತಂಬಿಗೆ ಕೊಟ್ಟರು. "ಪರ್ವ ಮುಗಿಯೂತನಕ ಇದನ್ನ ಹಾಕು. ಧಣಿಗೆ ಹೇಳಬ್ಯಾಡ, ಅಂವ ನಗ್ತಾನ."

"ಎಣ್ಣಿ ನಿಲ್ಲಂಗಿಲ್ಲರಿ ಆಯಿ, ಸೋರಿ ಹೋಕ್ಕದ."

"ಮತ್ತ ಹಾಕು. ಎಣ್ಣೀಗೇನ ಬರಾ ಬಂದೈತಿ?"

ಮಲ್ಲಾರಿ ಶಾಲನಳ ಕಡೆ ನೋಡಿದ. ಅವಳು ಸೆರಗು ಸರಿಮಾಡಿಕೊಂಡು ಡಬ್ಬಿಯನ್ನೆತ್ತಿ, ಕೊಟ್ಟಿಗೆಯ ಸಗಣಿ ಕುಳ್ಳಿನ ರಾಶಿಯ ಹಿಂದೆ ಇಟ್ಟುಬಂದಳು.

ಧರಣೇಂದ್ರ ಬಸದಿಯ ಪೂಜೆಯ ಓಡಾಟದಲ್ಲಿದ್ದ. ಪರ್ವ ಇನ್ನೇನು ಮುಗಿಯಬೇಕು, ಒಂದು ಮಧ್ಯಾಹ್ನ ಹೊಳೆಯ ಕಡೆಯಿಂದ ಊರಿಗೇ ಕೇಳುವಂಥ ಸದ್ದು ಬಂತು. ಕ್ರಾಸ್ ಮುರಿದು, ಶಾಫ್ಟ್ ಬಡಿದಾಡಿ ಪಂಪಿನ ಬಾಯನ್ನೇ ಒಡೆದಿತ್ತು. ಪಕ್ಕಕ್ಕೆ ಹಾರಿದ್ದಕ್ಕೆ ಮಲ್ಲಾರಿಯ ಕಾಲು ಉಳಿದಿತ್ತು, ಮೊಣಕಾಲ ಕೆಳಗೆ ಮಾತ್ರ ಸೀಳಿತ್ತು. ಗಡಹಿಂಗ್ಲಜದ ಮೇಸ್ತ್ರಿ ಕ್ರಾಸ್ ಬಿಚ್ಚಿದಾಗ ಸೂಜಿಯಂಥ ಬೇರಿಂಗುಗಳು ಕೆಂಪು ಪುಡಿಯಾಗಿ ಉದುರಿದವು.

"ಇದು ಗ್ರೀಸಿನ ಮಾರಿ ನೋಡಿಲ್ಲರಿ ಸಾವ್ಕಾರ," ಅಂದ ಮೇಸ್ತ್ರಿ.

ಧರಣೇಂದ್ರ ಅಲ್ಲಿಯೇ ಮಲ್ಲಾರಿಯ ಕೈಯಿಂದ ಟ್ರ್ಯಾಕ್ಟರಿನ ಕೀಲಿ ಕಿತ್ತುಕೊಂಡ. "ಬೀಡಿ ಸೇದಾಕ ವ್ಯಾಳ್ಯಾ ಸಿಗ್ತದ, ಗ್ರೀಸ್ ಹೊಡ್ಯಾಕ ಸಿಗಂಗಿಲ್ಲ?" ಮಲ್ಲಾರಿ ಎಣ್ಣೆಯ ಮಾತೆತ್ತದೆ ಕುಂಟುತ್ತ ಮನೆಗೆ ಹೊರಟ. ಸಂಜೆ ಹೊತ್ತು ಮುಳುಗುವ ಮೊದಲು ಗಂಡ ಊಟಕ್ಕೆ ಕೂತು ಇದನ್ನೆಲ್ಲ ಹೇಳುವಾಗ ಅತ್ತೆ ಜಪಮಾಲೆ ಹಿಡಿದಿದ್ದರು. ಶಾಲನ ಅವನಿಗೆ ಇನ್ನೊಂದು ರೊಟ್ಟಿ ಬಡಿಸಿದಳು.

ಪರ್ವ ಮುಗಿದ ಮೇಲೆ ಬರುವುದು ಕ್ಷಮೆ ಕೇಳುವ ದಿನ. ಹಿರಿಯರು ಕಿರಿಯರೆನ್ನದೆ ಒಬ್ಬರಿಗೊಬ್ಬರು ಕೈಮುಗಿಯುತ್ತಾರೆ. ಅಂಗಳದ ತುಂಬ ನೆಂಟರಿದ್ದಾಗ ಮಲ್ಲಾರಿ ಕುಂಟುತ್ತ ಬಂದ. ಶೆಡ್ಡಿನಲ್ಲಿದ್ದ ತನ್ನ ಕಂಬಳಿ ಒಯ್ಯಬೇಕಿತ್ತು. ಅಪ್ಪನ ಕುರಿ ಕಾಯಲು ಹೊರಟಿದ್ದ.

"ಛಲೋ ಆತ ಬಿಡ," ಅಂದ ಪಕ್ಕದ ಮನೆಯ ಬಾಳಗೊಂಡ. "ಕುರಿಗೆ ಗ್ರೀಸ್ ಹೊಡ್ಯೂದು ಬ್ಯಾಡ."

ಎಲ್ಲರೂ ನಕ್ಕರು. ಧರಣೇಂದ್ರ ದೊಡ್ಡ ಮನಸ್ಸು ಮಾಡಿದವನಂತೆ, "ಇವತ್ತ ನಿನಗೂ ಕ್ಷಮಾ ಮಾಡೇನಪಾ. ಆದರ ಟ್ರ್ಯಾಕ್ಟರ್ ಮ್ಯಾಲ ಇನ್ನ ಕುಂಡ್ರಸಂಗಿಲ್ಲ," ಅಂದ.

ಶಾಲನ ಎಲ್ಲರಿಗೂ ಹೇಳಿದಂತೆ ಮಲ್ಲಾರಿಯ ಮುಂದೆಯೂ ಕೈಮುಗಿದಳು. "ತಿಳದೋ ತಿಳೀದನೋ ತಪ್ಪಾಗಿದ್ರ ಕ್ಷಮಾ ಮಾಡ್ರಿ."

ಮಲ್ಲಾರಿ ಅವಸರದಿಂದ ತಾನೂ ಕೈಮುಗಿದ. "ನಿಮ್ಮದೇನ ತಪ್ಪೈತ್ರಿ ವೈನಿ. ನಂದ."

ಅವಳಿಗಾಗಿ ಅವನು ನೆಂಟರೆದುರು ಸುಳ್ಳು ಹೇಳುತ್ತಿದ್ದ. ಅವಳೋ, ಎಲ್ಲರೂ ಎಲ್ಲರಿಗೂ ಅನ್ನುವ ಮಾತಿನಲ್ಲಿ ತನ್ನದನ್ನು ಯಾರಿಗೂ ಕಾಣದಂತೆ ತೂರಿಸಿ ಹಗುರಾಗಲು ನೋಡಿದ್ದಳು. ಆ ಕ್ಷಣ ಅವಳಿಗೆ ತನ್ನ ಜಾಣತನವೇ ಹೇಸಿಗೆಯಾಯಿತು.

"ತಿಳದ ಮಾಡೇನ್ರಿ," ಅಂದಳು, ಗಂಡನಿಗೆ ಕೇಳುವಂತೆ. "ಗ್ರೀಸಿನಾಗ ಚರಬಿ ಐತಿ ಅಂತ ಅರ್ಧಾ ಮಾತು ಹೇಳಿ ಸುಮ್ಮನಾದಾಕಿ ನಾನ. ಡಬ್ಬಿ ಮುಚ್ಚಿಟ್ಟಾಕಿನೂ ನಾನ. ಅಂವ ಬ್ಯಾಡ ಅಂದಿದ್ದ."

ಬಾಳಗೊಂಡ ಕೈಯಲ್ಲಿನ ಬಟ್ಟಲು ನೋಡತೊಡಗಿದ. ಜಪಮಾಲೆಯ ಮಣಿ ನಿಂತಿತು. "ಎಣ್ಣಿ ಕೊಟ್ಟಾಕಿ ನಾನಪಾ," ಅಂದರು ಚಂಪಾಬಾಯಿ, ಮಗನತ್ತ ನೋಡದೆ.

ಧರಣೇಂದ್ರ ಕಿಸೆಯಿಂದ ಕೀಲಿ ತೆಗೆದು ಕಟ್ಟೆಯ ಮೇಲಿಟ್ಟ. ಮಲ್ಲಾರಿ ಅದನ್ನು ಕೂಡಲೇ ಎತ್ತಿಕೊಳ್ಳಲಿಲ್ಲ.

"ಕೊಲ್ಹಾಪುರದಿಂದ ಹೊಸಾ ಕ್ರಾಸ್ ಬಂದೈತೇನ್ರಿ?" ಎಂದು ಕೇಳಿದ.

"ಬಂದೈತಿ."

"ಹಂಗಾರ ಮದಲ ಗ್ರೀಸ್ ಬೇಕರಿ."

ಶಾಲನ ಎದ್ದಳು. ಅಷ್ಟು ಜನರ ಕಣ್ಣೆದುರು ಅಂಗಳ ದಾಟಿ, ಎಲ್ಲಿಯೂ ಹುಡುಕದೆ, ನೇರವಾಗಿ ಕುಳ್ಳಿನ ರಾಶಿಯ ಹಿಂದೆ ಕೈ ಹಾಕಿದಳು.